ಪಂಚಾಯಿತಿ ಕಚೇರಿಯ ಹಳೆಯ ಗಣಕಯಂತ್ರ: ಬಯೋಸ್ ಹೊಂದಾಣಿಕೆಗಳು ಮತ್ತು ಸದಸ್ಯರು ತಿಳಿದಿರಬೇಕಾದ ಸಂಗತಿಗಳು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿ ಕಚೇರಿಗೆ ಬಂದ ಗ್ರಾಮಸ್ಥರು ಇಂದು ಅತಿ ಹೆಚ್ಚು ಕೇಳುವ ಮಾತುಗಳಲ್ಲಿ ಒಂದು, "ಸಿಸ್ಟಂ ಕೆಟ್ಟಿದೆ, ನಾಳೆ ಬನ್ನಿ" ಎಂಬುದು. ಆ ನಾಳೆಗಾಗಿ ಒಬ್ಬ ಕೂಲಿಕಾರರು ಇನ್ನೊಂದು ದಿನದ ಕೂಲಿಯನ್ನು ಬಿಡಬೇಕಾಗುತ್ತದೆ. ನಮೂನೆ 9 ಮತ್ತು 11 ಕೈಗೆ ಬಾರದಿದ್ದರೆ ಬ್ಯಾಂಕಿನ ಸಾಲದ ಅರ್ಜಿ ಮುಂದೆ ಹೋಗುವುದಿಲ್ಲ, ನಿವೇಶನದ ಕ್ರಯಪತ್ರದ ನೋಂದಣಿ ನಿಲ್ಲುತ್ತದೆ. 2013ರಲ್ಲಿ ಇ-ಸ್ವತ್ತು ತಂತ್ರಾಂಶ ಬಂದ ಮೇಲೆ ಗ್ರಾಮೀಣ ಆಸ್ತಿಯ ದಾಖಲೆಯೆಲ್ಲವೂ ಗಣಕಯಂತ್ರದ ಮೂಲಕವೇ ಹೊರಬರುತ್ತಿದೆ. ಪಂಚತಂತ್ರ, ಇ-ಗ್ರಾಮ ಸ್ವರಾಜ್, ಉದ್ಯೋಗ ಖಾತರಿ ಯೋಜನೆಯ ಕೂಲಿ ಪಟ್ಟಿ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು, ಇವೆಲ್ಲಕ್ಕೂ ಅದೇ ಮೇಜು, ಅದೇ ಯಂತ್ರ. ಆದ್ದರಿಂದ ಆ ಯಂತ್ರ ಏಕೆ ನಿಂತಿತು ಎಂಬುದು ತಂತ್ರಜ್ಞರಿಗೆ ಮಾತ್ರ ಬಿಟ್ಟ ಪ್ರಶ್ನೆಯಲ್ಲ.

ಯಂತ್ರ ನಿಂತಾಗ ಸಾಮಾನ್ಯ ಸಭೆಯ ಮುಂದೆ ಬರುವ ಪ್ರಸ್ತಾವನೆಗಳು ಬಹುಮಟ್ಟಿಗೆ ಎರಡು ಬಗೆಯವು. ಹೊಸ ಗಣಕಯಂತ್ರ ಖರೀದಿಸಬೇಕು ಎಂಬುದು ಮೊದಲನೆಯದು. ಹಾರ್ಡ್ ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ ಮತ್ತೆ ಹಾಕಿಸಬೇಕು ಎಂಬುದು ಎರಡನೆಯದು. ಎರಡೂ ಕೆಲವೊಮ್ಮೆ ನಿಜವಾಗಿಯೇ ಅಗತ್ಯ. ಆದರೆ ಹತ್ತು ವರ್ಷ ದಾಟಿದ ಡೆಸ್ಕ್‌ಟಾಪ್ ಯಂತ್ರಗಳಲ್ಲಿ, ನೂರು ರೂಪಾಯಿಯೊಳಗೆ ಸಿಗುವ ನಾಣ್ಯದಾಕಾರದ ಒಂದು ಬ್ಯಾಟರಿ ಸತ್ತು, ಅದರಿಂದ ಒಂದೆರಡು ಹೊಂದಾಣಿಕೆಗಳು ಅಳಿಸಿಹೋಗಿರುವುದೂ ಅದೇ ಲಕ್ಷಣಗಳನ್ನು ತೋರಿಸುತ್ತದೆ. ಇವೆರಡರ ನಡುವಿನ ವ್ಯತ್ಯಾಸವನ್ನು ವಿಚಾರಿಸದೆ ಬಿಲ್ಲಿಗೆ ಅನುಮೋದನೆ ನೀಡಿದರೆ ಪಂಚಾಯಿತಿಯ ಹಣ ಹೋಗುತ್ತದೆ. ಫಾರ್ಮ್ಯಾಟ್ ಮಾಡಿಬಿಟ್ಟರೆ ಹಣದ ಜೊತೆಗೆ ದಾಖಲೆಯೂ ಹೋಗುತ್ತದೆ.

ಯಂತ್ರದ ಗುಂಡಿ ಒತ್ತಿದ ಕೂಡಲೇ ವಿಂಡೋಸ್ ತೆರೆದುಕೊಳ್ಳುವುದಿಲ್ಲ. ಅದಕ್ಕೂ ಮೊದಲು ಮದರ್‌ಬೋರ್ಡಿನ ಮೇಲಿರುವ ಸಣ್ಣ ಚಿಪ್ಪಿನಲ್ಲಿ ಶಾಶ್ವತವಾಗಿ ಬರೆದಿಟ್ಟ ಒಂದು ಕಿರು ತಂತ್ರಾಂಶ ಎಚ್ಚರಗೊಳ್ಳುತ್ತದೆ. ಅದೇ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಅದನ್ನು ಬಯೋಸ್ ಎಂದೂ, ಹೊಸದರಲ್ಲಿ ಯುಇಎಫ್‌ಐ ಎಂದೂ ಕರೆಯುತ್ತಾರೆ. ರೂಢಿಯಲ್ಲಿ ಎರಡಕ್ಕೂ ಬಯೋಸ್ ಎಂದೇ ಹೇಳುವುದುಂಟು. ಮೆಮೊರಿ ಇದೆಯೇ, ಕೀಲಿಮಣೆ ಇದೆಯೇ, ಫ್ಯಾನ್ ತಿರುಗುತ್ತಿದೆಯೇ ಎಂದು ಅದು ಪರೀಕ್ಷಿಸುತ್ತದೆ. ಅನಂತರ ಯಾವ ಡಿಸ್ಕಿನಿಂದ ಕೆಲಸ ಆರಂಭಿಸಬೇಕು ಎಂಬುದನ್ನು ಹುಡುಕಿ, ವಿಂಡೋಸ್‌ಗೆ ಅಧಿಕಾರ ಬಿಟ್ಟುಕೊಟ್ಟು ಹಿಂದೆ ಸರಿಯುತ್ತದೆ. ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕಗಳನ್ನು ಕಂಡವರಿಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಬೇಯಿಸಿದ ಗೂಡಿನಿಂದ ಎಳೆಯ ತುದಿಯನ್ನು ಮೊದಲು ಹಿಡಿದು ಕೊಟ್ಟರೆ ಮಾತ್ರ ರಾಟೆ ನೂಲನ್ನು ಸುತ್ತುತ್ತದೆ. ತುದಿ ಸಿಗದಿದ್ದರೆ ಗೂಡು ಎಷ್ಟು ಒಳ್ಳೆಯದಾಗಿದ್ದರೂ ರಾಟೆ ಬರಿದೇ ತಿರುಗುತ್ತದೆ. ಬಯೋಸ್ ಮಾಡುವುದು ಆ ತುದಿ ಹಿಡಿಯುವ ಕೆಲಸ.

ಬಯೋಸ್ ಎಂಬ ಹೆಸರು 1970ರ ದಶಕದ ನಡುವಿನಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ಅವರ ಸಿಪಿ/ಎಂ ಕಾರ್ಯಾಚರಣಾ ವ್ಯವಸ್ಥೆಯ ಮೂಲಕ ಬಳಕೆಗೆ ಬಂತು. 1981ರ ಐಬಿಎಂ ಪಿಸಿಯಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿರಲಿಲ್ಲ. ಪ್ರತಿ ಬಾರಿ ಆರಂಭಿಸಿದಾಗಲೂ ದಿನಾಂಕ ಮತ್ತು ಸಮಯವನ್ನು ಯಂತ್ರವೇ ಕೇಳುತ್ತಿತ್ತು, ಕುಳಿತವರು ಬೆರಳಚ್ಚು ಮಾಡಬೇಕಿತ್ತು. 1984ರ ಪಿಸಿ ಎಟಿ ಮಾದರಿಯಲ್ಲಿ ಗಡಿಯಾರದ ಚಿಪ್ ಮತ್ತು 64 ಬೈಟ್‌ಗಳ ಪುಟ್ಟ ಸ್ಮೃತಿ ಬಂದವು. ಯಂತ್ರ ಆರಿದಾಗಲೂ ಅವೆರಡನ್ನೂ ಬ್ಯಾಟರಿ ಜೀವಂತವಾಗಿಡುತ್ತಿತ್ತು. ಸಿಮಾಸ್ ಎಂದು ಕರೆಯುವುದು ಆ ಸ್ಮೃತಿಯನ್ನೇ. ನಲವತ್ತು ವರ್ಷಗಳಾದರೂ ಏರ್ಪಾಡು ಮೂಲತಃ ಬದಲಾಗಿಲ್ಲ. 2005ರಲ್ಲಿ ಉದ್ಯಮದ ಕಂಪನಿಗಳು ಕೂಡಿ ಯುಇಎಫ್‌ಐ ಒಕ್ಕೂಟವನ್ನು ರಚಿಸಿದವು. 2011ರ ಎಚ್61, 2013ರ ಎಚ್81 ಚಿಪ್‌ಸೆಟ್‌ಗಳ ಕಾಲದ ಮದರ್‌ಬೋರ್ಡುಗಳು ಹಳೆಯದು ಮತ್ತು ಹೊಸದರ ನಡುವಿನ ಪೀಳಿಗೆಯವು. ಅವುಗಳಲ್ಲಿ ಅನೇಕವು ಎರಡೂ ವಿಧಾನಗಳಲ್ಲಿ ಕೆಲಸ ಮಾಡಬಲ್ಲವು. ತೊಡಕು ಹುಟ್ಟುವುದೂ ಬಹುತೇಕ ಅಲ್ಲಿಯೇ.

ಬ್ಯಾಟರಿಯ ವಿಷಯಕ್ಕೆ ಬರುವುದಾದರೆ, ಅದರ ಹೆಸರು ಸಿಆರ್2032. ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, ಶಕ್ತಿ 3 ವೋಲ್ಟ್. ಹೆಸರಿನಲ್ಲಿಯೇ ಅಳತೆ ಅಡಗಿದೆ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಒಂದು ಹರಳನ್ನು ಅದು ನಡೆಸುತ್ತದೆ. ಆ ಕಂಪನಗಳ ಎಣಿಕೆಯೇ ಯಂತ್ರದ ಗಡಿಯಾರ. ಇಂತಹ ಬ್ಯಾಟರಿ ಸಾಮಾನ್ಯವಾಗಿ ಕೆಲವು ವರ್ಷ ಬಾಳುತ್ತದೆ. ಆದರೆ ಎಷ್ಟು ವರ್ಷ ಎಂಬುದು ಕಚೇರಿಯ ಅಭ್ಯಾಸವನ್ನೂ ಅವಲಂಬಿಸಿದೆ. ಯಂತ್ರ ಆರಿದ್ದರೂ ಗೋಡೆಯ ಸ್ವಿಚ್ಚು ಚಾಲೂ ಇದ್ದರೆ ಮದರ್‌ಬೋರ್ಡಿಗೆ ಅಲ್ಪ ವಿದ್ಯುತ್ ಹರಿಯುತ್ತಲೇ ಇದ್ದು, ಗಡಿಯಾರಕ್ಕೆ ಬ್ಯಾಟರಿಯ ಅಗತ್ಯ ಬೀಳುವುದಿಲ್ಲ. ಸಂಜೆ ಬೀಗ ಹಾಕುವಾಗ ಮುಖ್ಯ ಸ್ವಿಚ್ಚನ್ನೇ ಆರಿಸುವ ಕಚೇರಿಗಳಲ್ಲಿ ರಾತ್ರಿಯೆಲ್ಲ, ರಜೆಯ ದಿನಗಳೆಲ್ಲ ಬ್ಯಾಟರಿಯೇ ದುಡಿಯುತ್ತದೆ. ಮಳೆಗಾಲದ ಗುಡುಗು ಸಿಡಿಲನ್ನು ನೆನೆದರೆ ಸ್ವಿಚ್ಚು ಆರಿಸುವುದೇ ಸರಿ, ಅದನ್ನು ನಿಲ್ಲಿಸಬೇಕಾಗಿಲ್ಲ. ಬ್ಯಾಟರಿ ಬೇಗ ಮುಗಿಯುತ್ತದೆ ಎಂಬುದು ತಿಳಿದಿದ್ದರೆ ಸಾಕು.

ಬ್ಯಾಟರಿ ಸತ್ತಾಗ ಮೊದಲು ಕಾಣುವುದು ದಿನಾಂಕದ ಗೊಂದಲ. ಬೆಳಿಗ್ಗೆ ಯಂತ್ರ ತೆರೆದರೆ 2009 ಅಥವಾ 2012, ಹೀಗೆ ಮದರ್‌ಬೋರ್ಡ್ ತಯಾರಾದ ಕಾಲಕ್ಕೆ ಹತ್ತಿರದ ಯಾವುದೋ ವರ್ಷದ ಜನವರಿ 1 ಕಾಣಿಸಬಹುದು. ಕಪ್ಪು ಪರದೆಯ ಮೇಲೆ "ಸಿಮಾಸ್ ಚೆಕ್‌ಸಮ್ ಎರರ್" ಎಂಬ ಸಂದೇಶವೂ, ಮುಂದುವರಿಯಲು ಎಫ್1 ಒತ್ತಿ ಎಂಬ ಸೂಚನೆಯೂ ಬರಬಹುದು. ಎಫ್1 ಒತ್ತಿದರೆ ವಿಂಡೋಸ್ ತೆರೆಯುತ್ತದೆ, ಕಚೇರಿಯವರು ಸಮಾಧಾನಗೊಳ್ಳುತ್ತಾರೆ. ಆದರೆ ಜಾಲತಾಣಗಳು ತೆರೆಯುವುದಿಲ್ಲ. ಸರ್ಕಾರದ ತಂತ್ರಾಂಶಗಳ ಜಾಲತಾಣಗಳಿಗೆ ಭದ್ರತಾ ಪ್ರಮಾಣಪತ್ರವಿದ್ದು, ಅದು ಇಂತಹ ದಿನದಿಂದ ಇಂತಹ ದಿನದವರೆಗೆ ಮಾತ್ರ ಚಾಲ್ತಿಯಲ್ಲಿರುತ್ತದೆ. ಯಂತ್ರದ ಗಡಿಯಾರ 2009 ಎಂದು ಹೇಳುತ್ತಿದ್ದರೆ ಆ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲವೆಂದು ಬ್ರೌಸರ್ ಭಾವಿಸುತ್ತದೆ, ಸಂಪರ್ಕವನ್ನು ನಿರಾಕರಿಸುತ್ತದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿಯ ಕೀಲಿಗೂ ಹೀಗೆಯೇ ಆರಂಭ ಮತ್ತು ಅಂತ್ಯದ ದಿನಾಂಕಗಳಿವೆ. ಹೊರಗೆ ಕಾಯುವವರಿಗೆ ಇದು "ಸರ್ವರ್ ಇಲ್ಲ" ಎಂಬ ಮಾತಾಗಿ ತಲಪುತ್ತದೆ. ಆಗ ಪಕ್ಕದ ಪಂಚಾಯಿತಿಗೆ ಒಂದು ದೂರವಾಣಿ ಕರೆ ಮಾಡಿ ವಿಚಾರಿಸುವುದು ಒಳ್ಳೆಯದು. ಅಲ್ಲಿ ಅದೇ ಜಾಲತಾಣ ತೆರೆಯುತ್ತಿದ್ದರೆ ದೋಷ ಸರ್ವರಿನದಲ್ಲ.

ಅಂತರ್ಜಾಲವಿದ್ದರೆ ವಿಂಡೋಸ್ ತಾನೇ ಸಮಯವನ್ನು ಸರಿಪಡಿಸಿಕೊಳ್ಳುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಸರಿಪಡಿಸಿಕೊಳ್ಳುತ್ತದೆ, ಆದರೆ ಅದಕ್ಕೊಂದು ಮಿತಿಯಿದೆ. ಸಾಮಾನ್ಯ ಯಂತ್ರಗಳಲ್ಲಿ ವ್ಯತ್ಯಾಸ 15 ಗಂಟೆಗಿಂತ ಹೆಚ್ಚಿದ್ದರೆ ವಿಂಡೋಸಿನ ಸಮಯ ಸೇವೆ ಅದನ್ನು ತಾನಾಗಿ ತಿದ್ದುವುದಿಲ್ಲ. ಹತ್ತಾರು ವರ್ಷ ಹಿಂದೆ ಬಿದ್ದ ಗಡಿಯಾರ ಆ ಮಿತಿಯ ಒಳಗೆ ಬರುವುದೇ ಇಲ್ಲ. ಹೀಗಾಗಿ ಗಣಕಯಂತ್ರ ನಿರ್ವಾಹಕರು ಪ್ರತಿದಿನ ಬೆಳಿಗ್ಗೆ ಕೈಯಿಂದ ದಿನಾಂಕ ತಿದ್ದಿ ಕೆಲಸ ಆರಂಭಿಸುವ ರೂಢಿ ಬೆಳೆಯುತ್ತದೆ. ಇದು ಶ್ರದ್ಧೆಯೇ ಸರಿ, ಆದರೆ ಬೇನೆಯನ್ನು ಮುಚ್ಚಿಡುವ ಶ್ರದ್ಧೆ. ಒಂದು ದಿನ ತಿದ್ದುವುದು ಮರೆತರೆ, ಅಂದು ಉಳಿಸಿದ ಕಡತಗಳ ಮೇಲೆ ತಪ್ಪು ದಿನಾಂಕ ಉಳಿಯುತ್ತದೆ. ಕಾಮಗಾರಿಯ ಛಾಯಾಚಿತ್ರವೋ ಸಭೆಯ ನಡವಳಿಯ ಕರಡೋ 2009ರ ದಿನಾಂಕ ಹೊತ್ತು ಲೆಕ್ಕಪರಿಶೋಧನೆಯ ಮುಂದೆ ಬಂದರೆ ವಿವರಣೆ ನೀಡಬೇಕಾದವರು ಪಂಚಾಯಿತಿಯವರೇ.

ಸಮಯದ ಪ್ರತಿ ತಪ್ಪಿಗೂ ಬ್ಯಾಟರಿಯನ್ನೇ ದೂಷಿಸಲಾಗದು. ಗಡಿಯಾರ ಸರಿಯಾಗಿ ಐದೂವರೆ ಗಂಟೆ ಮುಂದೆ ಅಥವಾ ಹಿಂದೆ ಇದ್ದರೆ ಬ್ಯಾಟರಿ ಆರೋಗ್ಯವಾಗಿದೆ ಎಂದೇ ತಿಳಿಯಬಹುದು. ಭಾರತದ ಸಮಯ ಅಂತರರಾಷ್ಟ್ರೀಯ ಪ್ರಮಾಣ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ವಿಂಡೋಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯವನ್ನು ಇಡುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಸಮಯವನ್ನು ಇಡುತ್ತದೆ. ಒಂದೇ ಯಂತ್ರದಲ್ಲಿ ಎರಡನ್ನೂ ಹಾಕಿದ್ದರೆ ಅವು ಒಂದರ ಸಮಯವನ್ನು ಇನ್ನೊಂದು ಕೆಡಿಸುತ್ತವೆ. ಅಲ್ಲಿ ಬದಲಿಸಬೇಕಾದದ್ದು ಬ್ಯಾಟರಿಯನ್ನಲ್ಲ.

ದಿನಾಂಕ ತಪ್ಪುವುದು ಕಿರಿಯ ತೊಂದರೆ. ಹಿರಿಯದು ಬೇರೆ ಇದೆ. ಹಳೆಯ ಮದರ್‌ಬೋರ್ಡುಗಳಲ್ಲಿ ಗಡಿಯಾರದ ಜೊತೆಗೆ ಬಯೋಸ್ ಹೊಂದಾಣಿಕೆಗಳೂ ಅದೇ ಬ್ಯಾಟರಿಯನ್ನು ನಂಬಿರುತ್ತವೆ. ಬ್ಯಾಟರಿ ಸತ್ತರೆ ಅವು ಅಳಿಸಿಹೋಗಿ, ಕಾರ್ಖಾನೆಯಿಂದ ಬಂದಾಗ ಇದ್ದ ಸ್ಥಿತಿಗೆ ಮರಳುತ್ತವೆ. ವಿಂಡೋಸನ್ನು ಸ್ಥಾಪಿಸಿದ ದಿನ ತಂತ್ರಜ್ಞರು ಆರಿಸಿದ್ದ ಹೊಂದಾಣಿಕೆ ಬೇರೆ ಇದ್ದರೆ, ಅಂದಿನಿಂದ ವಿಂಡೋಸ್ ತೆರೆಯುವುದಿಲ್ಲ.

ಇದರಲ್ಲಿ ಎರಡು ಸಂದರ್ಭಗಳು ಮುಖ್ಯವಾದುವು. ಹಾರ್ಡ್ ಡಿಸ್ಕಿನೊಡನೆ ಮಾತನಾಡುವ ವಿಧಾನವನ್ನು ಬಯೋಸಿನಲ್ಲಿ "ಸಾಟಾ ಮೋಡ್" ಎಂಬ ಸಾಲು ನಿರ್ಧರಿಸುತ್ತದೆ. ಅಲ್ಲಿ ಐಡಿಇ ಮತ್ತು ಎಎಚ್‌ಸಿಐ ಎಂಬ ಆಯ್ಕೆಗಳಿರುತ್ತವೆ. ಎಎಚ್‌ಸಿಐ ಇದ್ದಾಗ ಸ್ಥಾಪಿಸಿದ ವಿಂಡೋಸ್, ಆ ಸಾಲು ಐಡಿಇಗೆ ಮರಳಿದೊಡನೆ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಹಳೆಯ ವಿಂಡೋಸಿನಲ್ಲಿ ಆ ನೀಲಿ ಪರದೆಯ ಕೆಳಭಾಗದಲ್ಲಿ 7ಬಿ ಎಂದು ಕೊನೆಗೊಳ್ಳುವ ಸಂಖ್ಯೆ ಇರುತ್ತದೆ. ಎರಡನೆಯದು ಆರಂಭದ ವಿಧಾನಕ್ಕೆ ಸಂಬಂಧಿಸಿದ್ದು. ಹಳೆಯ ಲೆಗಸಿ ವಿಧಾನದಲ್ಲಿ ಸಿದ್ಧಗೊಂಡ ಡಿಸ್ಕನ್ನು, ಯುಇಎಫ್‌ಐ ವಿಧಾನಕ್ಕೆ ಮಾತ್ರ ಹೊಂದಿಸಿದ ಬಯೋಸ್ ಗುರುತಿಸುವುದೇ ಇಲ್ಲ. "ಸರಿಯಾದ ಬೂಟ್ ಸಾಧನವನ್ನು ಆಯ್ಕೆ ಮಾಡಿ" ಎಂಬ ಅರ್ಥದ ಇಂಗ್ಲಿಷ್ ಸಂದೇಶ ಕಪ್ಪು ಪರದೆಯ ಮೇಲೆ ನಿಂತುಬಿಡುತ್ತದೆ. ನೋಡಿದವರಿಗೆ ಹಾರ್ಡ್ ಡಿಸ್ಕ್ ಸತ್ತಂತೆಯೇ ಕಾಣುತ್ತದೆ.

ಈ ಎರಡೂ ಸಂದರ್ಭಗಳಲ್ಲಿ ಡಿಸ್ಕ್ ಸುಸ್ಥಿತಿಯಲ್ಲಿದೆ, ಅದರೊಳಗಿನ ಮಾಹಿತಿಯೂ ಸುರಕ್ಷಿತವಾಗಿದೆ. ಬಯೋಸಿನ ಒಂದು ಸಾಲನ್ನು ಹಿಂದಿನಂತೆ ಬದಲಿಸಿದರೆ ಐದು ನಿಮಿಷದಲ್ಲಿ ಯಂತ್ರ ಎದ್ದು ನಿಲ್ಲುತ್ತದೆ. ಅದನ್ನು ನೋಡದೆ ಫಾರ್ಮ್ಯಾಟ್ ಮಾಡಿದರೂ ಯಂತ್ರ ಎದ್ದೇಳುತ್ತದೆ, ಬಿಲ್ಲೂ ಬರುತ್ತದೆ, ಎಲ್ಲರಿಗೂ ಕೆಲಸವಾಯಿತೆಂದು ತೋರುತ್ತದೆ. ಇ-ಸ್ವತ್ತು, ಪಂಚತಂತ್ರಗಳ ಮಾಹಿತಿ ಸರ್ವರಿನಲ್ಲಿರುವುದರಿಂದ ಅದಕ್ಕೆ ಹಾನಿಯಿಲ್ಲ. ಆದರೆ ಕಚೇರಿಯ ಡಿಸ್ಕಿನಲ್ಲಿ ಮಾತ್ರ ಇರುವ ಸಂಗತಿಗಳು ಎಷ್ಟೋ ಇರುತ್ತವೆ: ನುಡಿಯಲ್ಲಿ ಬೆರಳಚ್ಚು ಮಾಡಿದ ನಡವಳಿಗಳು, ಸ್ಕ್ಯಾನ್ ಮಾಡಿದ ಹಳೆಯ ತೆರಿಗೆ ವಹಿಯ ಪುಟಗಳು, ಗ್ರಾಮಸಭೆಯ ಫಲಾನುಭವಿ ಪಟ್ಟಿಗಳ ಕರಡು, ಕಾಮಗಾರಿಯ ಮೊದಲು ಮತ್ತು ಅನಂತರದ ಛಾಯಾಚಿತ್ರಗಳು, ನೀರಿನ ಕರದ ಎಕ್ಸೆಲ್ ಹಾಳೆ. ಇವು ಹೋದದ್ದು ತಿಳಿಯುವುದು ಆರು ತಿಂಗಳ ಅನಂತರ, ಯಾರೋ ಒಬ್ಬರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದಾಗ.

ಆದುದರಿಂದ ಬಯೋಸ್ ನೋಡದೆ, ಡಿಸ್ಕಿನ ಪ್ರತಿ ತೆಗೆಯದೆ ಯಾವ ಯಂತ್ರವನ್ನೂ ಫಾರ್ಮ್ಯಾಟ್ ಮಾಡತಕ್ಕದ್ದಲ್ಲ ಎಂಬ ನಿರ್ಣಯವನ್ನು ಪ್ರತಿ ಪಂಚಾಯಿತಿಯ ಸಾಮಾನ್ಯ ಸಭೆ ಒಮ್ಮೆ ಕೈಗೊಂಡರೆ ಒಳಿತು. ಇದಕ್ಕೆ ಹಣ ಬೇಕಿಲ್ಲ, ಒಂದು ಸಾಲಿನ ನಡವಳಿ ಸಾಕು.

ಬ್ಯಾಟರಿ ಬದಲಿಸುವ ಕ್ರಮ ಸರಳವಾದರೂ ಅವಸರದ್ದಲ್ಲ. ಬ್ಯಾಟರಿ ತೆಗೆಯುವ ಮೊದಲು, ಯಂತ್ರ ಇನ್ನೂ ಕೆಲಸ ಮಾಡುತ್ತಿದ್ದರೆ, ಬಯೋಸ್ ಪುಟಗಳನ್ನು ತೆರೆದು ಪ್ರತಿಯೊಂದರ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು. ಯಂತ್ರ ಚಾಲೂ ಮಾಡಿದ ಕ್ಷಣದಿಂದಲೇ ನಿಗದಿತ ಕೀಲಿಯನ್ನು ಮತ್ತೆ ಮತ್ತೆ ಒತ್ತಿದರೆ ಬಯೋಸ್ ತೆರೆಯುತ್ತದೆ. ಬಿಡಿಭಾಗಗಳಿಂದ ಜೋಡಿಸಿದ ಯಂತ್ರಗಳಲ್ಲಿ ಅದು ಬಹುಮಟ್ಟಿಗೆ ಡಿಲೀಟ್ ಕೀಲಿ. ಡೆಲ್ ಯಂತ್ರಗಳಲ್ಲಿ ಎಫ್2, ಎಚ್‌ಪಿ ಡೆಸ್ಕ್‌ಟಾಪ್‌ಗಳಲ್ಲಿ ಎಫ್10, ಲೆನೊವೊ ಡೆಸ್ಕ್‌ಟಾಪ್‌ಗಳಲ್ಲಿ ಎಫ್1. ಅನಂತರ ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಹಿಂಬದಿಯಿಂದಲೇ ಕಳಚಿ, ಉಳಿದ ವಿದ್ಯುತ್ ಇಳಿಯಲೆಂದು ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಬೇಕು. ಯುಪಿಎಸ್‌ನಲ್ಲಿ ಸಿಕ್ಕಿಸಿರುವ ತಂತಿಯನ್ನು ಹಾಗೆಯೇ ಬಿಟ್ಟು ಗೋಡೆಯ ಸ್ವಿಚ್ಚನ್ನು ಮಾತ್ರ ಆರಿಸಿದರೆ ಯಂತ್ರಕ್ಕೆ ವಿದ್ಯುತ್ ಬರುತ್ತಲೇ ಇರುತ್ತದೆ, ಇದನ್ನು ಗಮನಿಸದವರೇ ಹೆಚ್ಚು. ಡಬ್ಬಿಯ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಬ್ಯಾಟರಿಯ ಪಕ್ಕದ ಕೊಂಡಿಯನ್ನು ಮೆಲ್ಲಗೆ ಸರಿಸಿದರೆ ಬ್ಯಾಟರಿ ಮೇಲೆದ್ದು ಬರುತ್ತದೆ. ಹೊಸದನ್ನು ಅಧಿಕ ಚಿಹ್ನೆ ಮೇಲೆ ಕಾಣುವಂತೆ ಕೂರಿಸಬೇಕು. ತೆರೆದ ಹೊತ್ತಿನಲ್ಲಿ ಫ್ಯಾನಿನ ಧೂಳನ್ನೂ ತೆಗೆಯುವುದು ಉಚಿತ. ತೆಗೆದ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಲೇಬಾರದು. ಪಂಚಾಯಿತಿ ಕಚೇರಿಗೆ ತಾಯಂದಿರು ಪುಟ್ಟ ಮಕ್ಕಳೊಡನೆ ಬರುತ್ತಾರೆ. ನಾಣ್ಯದಂತೆ ಹೊಳೆಯುವ ಈ ಬ್ಯಾಟರಿಯನ್ನು ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟು ಪ್ರಾಣಾಪಾಯವಾಗಬಹುದು.

ಹೊಸ ಬ್ಯಾಟರಿ ಕೂರಿಸಿದ ಮೇಲೆ ಮತ್ತೆ ಬಯೋಸ್ ತೆರೆದು ಮೊದಲು ದಿನಾಂಕ ಮತ್ತು ಸಮಯವನ್ನು ಹೊಂದಿಸಬೇಕು. ಹಲವು ಬಯೋಸ್‌ಗಳು ಅಮೆರಿಕದ ರೀತಿಯಲ್ಲಿ ತಿಂಗಳನ್ನು ಮೊದಲು, ದಿನವನ್ನು ಅನಂತರ ತೋರಿಸುತ್ತವೆ. ಜೂನ್ 5 ಎಂದು ಬರೆಯಹೋಗಿ ಮೇ 6 ಎಂದು ಬರೆದುಬಿಟ್ಟರೆ ಒಂದು ತಿಂಗಳ ಹಿಂದಿನ ದಿನಾಂಕ ಬೀಳುತ್ತದೆ. ಅನಂತರ ಛಾಯಾಚಿತ್ರದಲ್ಲಿದ್ದಂತೆ ಸಾಟಾ ಮೋಡ್, ಆರಂಭದ ವಿಧಾನ, ಬೂಟ್ ಕ್ರಮ ಇವನ್ನು ಹೊಂದಿಸಿ, ಎಫ್10 ಒತ್ತಿ ಉಳಿಸಿ ಹೊರಬಂದರೆ ಆಯಿತು. ಮೊದಲೇ ಅಳಿಸಿಹೋಗಿ ಛಾಯಾಚಿತ್ರವೇ ಇಲ್ಲದಿದ್ದರೆ, ಸಾಟಾ ಮೋಡನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸಿ ನೋಡುವುದರಿಂದ ಡಿಸ್ಕಿನ ಮಾಹಿತಿಗೆ ಹಾನಿಯಾಗದು. ಹೊಂದದಿದ್ದರೆ ವಿಂಡೋಸ್ ತೆರೆಯುವುದಿಲ್ಲ, ಅಷ್ಟೇ. ಆದರೆ ಅದೇ ಸಾಲಿನಲ್ಲಿ ರೇಡ್ ಎಂಬ ಮೂರನೆಯ ಆಯ್ಕೆ ಇದ್ದರೆ ಅದನ್ನು ತಿಳಿಯದವರು ಮುಟ್ಟಬಾರದು.

ಬೂಟ್ ಕ್ರಮದಲ್ಲಿ ಹಾರ್ಡ್ ಡಿಸ್ಕ್ ಮೊದಲಿರಬೇಕು. ಪೆನ್‌ಡ್ರೈವ್ ಮೊದಲಿದ್ದರೆ, ಯಾರೋ ಮರೆತುಹೋದ ಪೆನ್‌ಡ್ರೈವ್‌ನಲ್ಲಿ ಯಂತ್ರ ವಿಂಡೋಸನ್ನು ಹುಡುಕುತ್ತ ನಿಲ್ಲಬಹುದು. ದುರುದ್ದೇಶವುಳ್ಳವರು ತಮ್ಮದೇ ವ್ಯವಸ್ಥೆಯ ಪೆನ್‌ಡ್ರೈವ್ ಸಿಕ್ಕಿಸಿ, ವಿಂಡೋಸಿನ ಪಾಸ್‌ವರ್ಡ್ ಇಲ್ಲದೆಯೇ ಡಿಸ್ಕಿನ ಕಡತಗಳನ್ನು ನಕಲು ಮಾಡಿಕೊಳ್ಳುವುದಕ್ಕೂ ಅದು ದಾರಿಯಾಗುತ್ತದೆ.

ವಿದ್ಯುತ್ ಹೋಗಿ ಮರಳಿದಾಗ ಯಂತ್ರ ಏನು ಮಾಡಬೇಕು ಎಂಬುದಕ್ಕೂ ಒಂದು ಸಾಲಿದೆ: ಆರಿದ ಸ್ಥಿತಿಯಲ್ಲಿಯೇ ಇರುವುದು, ತಾನಾಗಿ ಚಾಲೂ ಆಗುವುದು, ಅಥವಾ ಹಿಂದಿನ ಸ್ಥಿತಿಗೆ ಮರಳುವುದು. ತಾನಾಗಿ ಚಾಲೂ ಆಗುವ ಆಯ್ಕೆ ಅನುಕೂಲವೆಂದು ತೋರಿದರೂ ಹಳ್ಳಿಯ ಕಚೇರಿಗೆ ಅದು ತಕ್ಕುದಲ್ಲ. ಬೆಸ್ಕಾಂ ಮಾರ್ಗದಲ್ಲಿ ವಿದ್ಯುತ್ ಮರಳಿದ ಮೊದಲ ನಿಮಿಷಗಳಲ್ಲಿ ವೋಲ್ಟೇಜು ಏರಿಳಿಯುವುದು, ಮತ್ತೆ ಹೋಗುವುದು ಅಪರೂಪವಲ್ಲ. ಆ ಹೊತ್ತಿನಲ್ಲಿ ಯಂತ್ರ ಎದ್ದು ಬೀಳುತ್ತಿದ್ದರೆ ಡಿಸ್ಕಿಗೆ ಕೆಡುಕು. ರಾತ್ರಿ ಬೀಗ ಹಾಕಿದ ಕೋಣೆಯಲ್ಲಿ ಯಂತ್ರ ತಾನೇ ಚಾಲೂ ಆಗಿ ಬೆಳಗಿನವರೆಗೆ ಉರಿಯುವುದೂ ಬೇಡ. ಆರಿಯೇ ಇರುವ ಆಯ್ಕೆ ಉತ್ತಮ.

ಹಾರ್ಡ್‌ವೇರ್ ಮಾನಿಟರ್ ಎಂಬ ಪುಟ ಮಾತ್ರ ಯಾರು ಬೇಕಾದರೂ ಓದಬಹುದಾದ ಪುಟ. ಅಲ್ಲಿ ಸಂಸ್ಕಾರಕದ ಉಷ್ಣಾಂಶ, ಫ್ಯಾನಿನ ವೇಗ, 12, 5 ಮತ್ತು 3.3 ವೋಲ್ಟ್‌ಗಳ ನಿಜವಾದ ಅಳತೆ ಕಾಣುತ್ತವೆ. ನಿಗದಿತ ಮೌಲ್ಯಕ್ಕಿಂತ ಶೇಕಡ 5ರಷ್ಟು ವ್ಯತ್ಯಾಸ ಸಹ್ಯ. ಅಂದರೆ 12 ವೋಲ್ಟಿನ ಸಾಲು 11.4ರಿಂದ 12.6ರ ಒಳಗಿರಬೇಕು. ಅದಕ್ಕಿಂತ ಇಳಿದಿದ್ದರೆ ವಿದ್ಯುತ್ ಪೂರೈಸುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಸೋಲುತ್ತಿದೆ ಎಂದು ಶಂಕಿಸಬೇಕು. ಕೆಲವು ಮದರ್‌ಬೋರ್ಡುಗಳು ಬ್ಯಾಟರಿಯ ವೋಲ್ಟೇಜನ್ನೂ ಅಲ್ಲಿಯೇ ತೋರಿಸುತ್ತವೆ. ಮದರ್‌ಬೋರ್ಡೇ ಹೋಗಿದೆ ಎಂದು ತಂತ್ರಜ್ಞರು ಹೇಳಿದ ಯಂತ್ರದಲ್ಲಿ ಈ ಪುಟ ತೆರೆಯುತ್ತಿದ್ದರೆ ಆ ಮಾತನ್ನು ಇನ್ನೊಮ್ಮೆ ವಿಚಾರಿಸುವುದು ಒಳ್ಳೆಯದು.

ಬಯೋಸಿಗೂ ಪಾಸ್‌ವರ್ಡ್ ಇಡಬಹುದು. ಇದರ ಬಗ್ಗೆ ಎರಡು ಅಭಿಪ್ರಾಯಗಳಿಗೆ ಅವಕಾಶವಿದೆ. ಹೊಂದಾಣಿಕೆಗಳನ್ನು ಯಾರೂ ಕೆಡಿಸದಿರಲಿ ಎಂಬುದು ಸರಿ. ಆದರೆ ಪಾಸ್‌ವರ್ಡ್ ಇಟ್ಟ ಸಿಬ್ಬಂದಿ ವರ್ಗಾವಣೆಯಾಗಿ ಹೋದ ಮೇಲೆ ಅದು ಯಾರಿಗೂ ತಿಳಿಯದೆ ಕಚೇರಿ ತನ್ನ ಯಂತ್ರದಿಂದಲೇ ಹೊರಗುಳಿಯುತ್ತದೆ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಬ್ಯಾಟರಿ ತೆಗೆದರೆ ಅಥವಾ ಮದರ್‌ಬೋರ್ಡಿನ ಒಂದು ಸಣ್ಣ ಕೊಂಡಿಯನ್ನು ಬದಲಿಸಿದರೆ ಆ ಪಾಸ್‌ವರ್ಡ್ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಆದ್ದರಿಂದ ಅದು ದೊಡ್ಡ ಕಾವಲೂ ಅಲ್ಲ. ಇಟ್ಟರೆ, ಮೊಹರು ಮಾಡಿದ ಲಕೋಟೆಯಲ್ಲಿ ಬರೆದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಸುಪರ್ದಿಯಲ್ಲಿರಿಸಿ, ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಅದನ್ನೂ ಸೇರಿಸಬೇಕು.

ಸಂಸ್ಕಾರಕದ ವೇಗ, ಮೆಮೊರಿಯ ವೋಲ್ಟೇಜು ಮುಂತಾದ ಸಾಲುಗಳನ್ನು ಕಚೇರಿಯ ಯಂತ್ರದಲ್ಲಿ ಮುಟ್ಟುವ ಕಾರಣವೇ ಇಲ್ಲ. ಬಯೋಸನ್ನೇ ಹೊಸ ಆವೃತ್ತಿಗೆ ಏರಿಸುವುದು ಇನ್ನೂ ಅಪಾಯದ ಕೆಲಸ. ನಡುವೆ ವಿದ್ಯುತ್ ಹೋದರೆ ಚಿಪ್ಪಿನಲ್ಲಿ ಅರ್ಧ ಹಳತು, ಅರ್ಧ ಹೊಸತು ಉಳಿದು ಯಂತ್ರ ಎಂದೂ ಏಳದಿರಬಹುದು. ನಡೆಯುತ್ತಿರುವ ಯಂತ್ರಕ್ಕೆ ಇದನ್ನು ಯಾರಾದರೂ ಸಲಹೆ ಮಾಡಿದರೆ ಯಾವ ದೋಷದ ನಿವಾರಣೆಗೆ ಎಂದು ಕೇಳಬೇಕು.

ಹೊಸ ಖರೀದಿಯ ಮಾತು ಈಗ ಹೆಚ್ಚಾಗಿ ಕೇಳಿಬರುವುದಕ್ಕೆ ಇನ್ನೊಂದು ಕಾರಣವಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2020ರ ಜನವರಿ 14ಕ್ಕೂ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೂ ಮುಗಿದವು. ವಿಂಡೋಸ್ 11 ಬೇಕೆಂದರೆ ಸೆಕ್ಯೂರ್ ಬೂಟ್ ಸಾಮರ್ಥ್ಯವುಳ್ಳ ಯುಇಎಫ್‌ಐ, ಟಿಪಿಎಂ 2.0 ಎಂಬ ಭದ್ರತಾ ಘಟಕ, 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ ಮತ್ತು ಇಂಟೆಲ್ ಆದರೆ ಸ್ಥೂಲವಾಗಿ ಎಂಟನೆಯ ಪೀಳಿಗೆಯ ಅಥವಾ ಅನಂತರದ ಸಂಸ್ಕಾರಕ ಇರಬೇಕು. ಎಚ್61, ಎಚ್81 ಕಾಲದ ಯಂತ್ರಗಳಿಗೆ ಈ ಅರ್ಹತೆ ಇಲ್ಲ, ಯಾವ ಹೊಂದಾಣಿಕೆಯಿಂದಲೂ ಅದು ಬಾರದು. ಹಿಂಬಾಗಿಲಿನಿಂದ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ; ಸರ್ಕಾರಿ ಕಚೇರಿಗೆ ಆ ದಾರಿ ಸಲ್ಲದು. ಆದರೆ 2018ರ ಈಚೆಗೆ ಕೊಂಡ ಯಂತ್ರವನ್ನೂ "ವಿಂಡೋಸ್ 11ಕ್ಕೆ ಆಗುವುದಿಲ್ಲ" ಎಂದು ಹೇಳಿದರೆ ಹಾಗೆಯೇ ಒಪ್ಪಬಾರದು. ಅಂತಹ ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇದ್ದೂ ಬಯೋಸಿನಲ್ಲಿ ಆರಿಸಲ್ಪಟ್ಟಿರುತ್ತದೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನ ಸಾಲನ್ನು ಚಾಲೂ ಮಾಡಿದರೆ ಅದೇ ಯಂತ್ರ ಅರ್ಹವಾಗುತ್ತದೆ. ಇಲ್ಲಿ ಉಳಿಯುವುದು ಒಂದು ಇಡೀ ಯಂತ್ರದ ಬೆಲೆ.

ಅರ್ಹವಲ್ಲದ ಹಳೆಯ ಯಂತ್ರವೂ ಕೂಡಲೇ ಗುಜರಿಗೆ ಹೋಗಬೇಕೆಂದಿಲ್ಲ. ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಎಂಬ ಭಾರತೀಯ ಲಿನಕ್ಸ್ ಉಚಿತವಾಗಿದ್ದು, ಪತ್ರ ಬೆರಳಚ್ಚು ಮಾಡುವುದು, ಗ್ರಂಥಾಲಯದಲ್ಲಿ ಮಕ್ಕಳಿಗೆ ಓದಲು ಕೊಡುವುದು ಮೊದಲಾದ ಕೆಲಸಗಳಿಗೆ ಅಂತಹ ಯಂತ್ರವನ್ನು ಬಳಸಬಹುದು. ಡಿಜಿಟಲ್ ಸಹಿ, ಬೆರಳಚ್ಚು ಉಪಕರಣಗಳನ್ನು ಬೇಡುವ ಕೆಲಸಕ್ಕೆ ಮಾತ್ರ, ಆ ಉಪಕರಣಗಳ ತಂತ್ರಾಂಶ ಲಿನಕ್ಸಿಗೆ ಲಭ್ಯವಿದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಸದಸ್ಯರಲ್ಲಿ ಯಾರೂ ಸ್ಕ್ರೂಡ್ರೈವರ್ ಹಿಡಿಯಬೇಕೆಂದು ಇಷ್ಟೆಲ್ಲ ಹೇಳಿದುದಲ್ಲ. ದುರಸ್ತಿ ಅಥವಾ ಖರೀದಿಯ ಪ್ರಸ್ತಾವನೆ ಸಭೆಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಈಗ ಕೈಯಲ್ಲಿವೆ. ಯಂತ್ರ ತೋರಿಸುವ ದಿನಾಂಕ ಸರಿಯಿದೆಯೇ? ಬ್ಯಾಟರಿ ಬದಲಿಸಿ ಎಷ್ಟು ಕಾಲವಾಯಿತು? ಬಯೋಸಿನೊಳಗೆ ಹಾರ್ಡ್ ಡಿಸ್ಕಿನ ಹೆಸರು ಕಾಣುತ್ತಿದೆಯೇ? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಡಿಸ್ಕಿನ ಹೆಸರು ಕಾಣುತ್ತಿದ್ದರೆ ಡಿಸ್ಕ್ ಇನ್ನೂ ಉತ್ತರ ಕೊಡುತ್ತಿದೆ ಎಂದು ಅರ್ಥ, ಅದನ್ನು ಅಳಿಸುವ ಮೊದಲು ಮಾಹಿತಿಯನ್ನು ಹೊರತೆಗೆಯಲು ಸಾಧ್ಯವಿರುತ್ತದೆ. ತಂತಿಯನ್ನು ಬದಲಿಸಿ ನೋಡಿದರೂ ಹೆಸರು ಕಾಣದಿದ್ದರೆ ಡಿಸ್ಕ್ ಹೋಗಿದೆ ಎಂಬ ಮಾತಿಗೆ ಆಧಾರವಿದೆ.

ಬಯೋಸ್ ಪರದೆಯಲ್ಲಿ ಕನ್ನಡವಿಲ್ಲ, ಸದ್ಯಕ್ಕೆ ಬರುವ ಸೂಚನೆಯೂ ಇಲ್ಲ. ಈ ಕೊರತೆಯನ್ನು ಒಂದು ಹಾಳೆಯಿಂದ ತುಂಬಿಕೊಳ್ಳಬಹುದು. ಪ್ರತಿ ಯಂತ್ರಕ್ಕೂ ಒಂದು ಹಾಳೆ: ಮದರ್‌ಬೋರ್ಡಿನ ಹೆಸರು, ಬಯೋಸ್ ತೆರೆಯುವ ಕೀಲಿ, ಸಾಟಾ ಮೋಡ್ ಯಾವುದು, ಆರಂಭದ ವಿಧಾನ ಯಾವುದು, ಬ್ಯಾಟರಿ ಬದಲಿಸಿದ ದಿನಾಂಕ, ಬದಲಿಸಿದವರ ಸಹಿ, ಇಷ್ಟನ್ನು ಕನ್ನಡದಲ್ಲಿ ಬರೆದು ಒಂದು ಪ್ರತಿಯನ್ನು ಡಬ್ಬಿಯ ಪಕ್ಕಕ್ಕೆ ಅಂಟಿಸಿ, ಇನ್ನೊಂದನ್ನು ದಾಸ್ತಾನು ವಹಿಯೊಳಗೆ ಇರಿಸಬೇಕು. ಗಣಕಯಂತ್ರ ನಿರ್ವಾಹಕರು ಬದಲಾದರೂ ಹಾಳೆ ಅಲ್ಲಿಯೇ ಇರುತ್ತದೆ. ರಾಮನಗರದಿಂದಲೋ ಕನಕಪುರದಿಂದಲೋ ತಂತ್ರಜ್ಞರು ಬರುವವರೆಗೆ ಕಾಯದೆ, ಹಾಳೆಯನ್ನು ನೋಡಿ ದೂರವಾಣಿಯಲ್ಲಿಯೇ ಸಲಹೆ ಪಡೆಯುವುದಕ್ಕೂ ಅದು ನೆರವಾಗುತ್ತದೆ.

ಇಷ್ಟಾದ ಮೇಲೂ ಯಂತ್ರ ನಿಜವಾಗಿಯೇ ಬಾಳು ಮುಗಿಸಿದ್ದರೆ ಅದನ್ನು ಹಳೆಯ ಕಬ್ಬಿಣದ ಜೊತೆ ತೂಕಕ್ಕೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು 2022ರ ಪ್ರಕಾರ ನೋಂದಾಯಿತ ಸಂಸ್ಥೆಗೇ ಅದನ್ನು ಒಪ್ಪಿಸಬೇಕು. ಒಪ್ಪಿಸುವ ಮೊದಲು ಹಾರ್ಡ್ ಡಿಸ್ಕನ್ನು ಯಂತ್ರದಿಂದ ಕಳಚಿ, ಕ್ರಮಸಂಖ್ಯೆಯನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ, ಮಾಹಿತಿಯ ಪ್ರತಿ ತೆಗೆದ ಮೇಲೆ ಡಿಸ್ಕನ್ನು ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿ ಇರಿಸತಕ್ಕದ್ದು. ಅದರಲ್ಲಿ ಗ್ರಾಮಸ್ಥರ ಆಧಾರ್ ಪ್ರತಿಗಳೂ ಬ್ಯಾಂಕ್ ಪಾಸ್‌ಪುಸ್ತಕದ ಪುಟಗಳೂ ಇರುತ್ತವೆ.